ಹಕ್ಕಿಯ ಪಾಲು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ವಿದ್ಯಾರ್ಥಿಗಳನ್ನೂ ಪಾಲಕರನ್ನೂ ಉದ್ದೇಶಿಸಿ ಮಾಡಿದ ಭಾಷಣ)



ಚಳಿಗಾಲದಲ್ಲಿ ಮನೆಯಂಗಳದ ಹಕ್ಕಿಗಳಿಗೆ ಕಾಳು ಹಾಕುವುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಸಂಸ್ಥೆಯವರು ಅಪ್ಪಣೆ ಮಾಡಿದ್ದಾರೆ. ವಿಷಯ ಸಣ್ಣದೆಂದು ತೋರಬಹುದು. ಒಂದು ಹಿಡಿ ನುಚ್ಚು, ಒಂದು ಬಟ್ಟಲು ನೀರು. ಇದರಲ್ಲಿ ಭಾಷಣ ಮಾಡುವಂಥದೇನಿದೆ ಎಂದು ಯಾರಾದರೂ ಕೇಳಬಹುದು. ಆದರೆ ಹಲಕರ್ಣಿಯ ಸುತ್ತಲಿನ ಒಕ್ಕಲುತನದ ಮನೆಗಳಲ್ಲಿ ಇದು ಅಷ್ಟು ಸುಲಭವಾಗಿ ಮುಗಿಯುವ ಪ್ರಶ್ನೆಯಲ್ಲ. ಪುಷ್ಯ ಮಾಸದಲ್ಲಿ ಹಿಂಗಾರಿ ಜೋಳ ತೆನೆಗಟ್ಟಿ ಹಾಲುಗಾಳಾದಾಗ ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಕವಣೆ ಬೀಸಿ, ತಗಡು ಬಡಿದು ಹಕ್ಕಿಯನ್ನು ಓಡಿಸುವವರು ನಾವು. ಅವೇ ದಿನಗಳಲ್ಲಿ ಅಂಗಳದಲ್ಲಿ ಕಾಳು ಚೆಲ್ಲಿ ಹಕ್ಕಿಯನ್ನು ಕರೆಯಿರೆಂದು ಮಕ್ಕಳಿಗೆ ಹೇಳುವವರೂ ನಾವೇ. ಒಂದು ಕೈಯಿಂದ ಓಡಿಸಿ ಇನ್ನೊಂದು ಕೈಯಿಂದ ಕರೆಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳದೆ ಹಾಕಿದ ಕಾಳು ಬರಿಯ ಆಟವಾದೀತು.

ಚಳಿಗಾಲದಲ್ಲಿ ಹಕ್ಕಿಗಳಿಗೆ ಉಣಿಸುವ ವಾಡಿಕೆ ಹೆಚ್ಚಾಗಿ ಬೆಳೆದದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ನಡುಚಳಿಗಾಲದ ಹಗಲು ಏಳೆಂಟು ಗಂಟೆಗಳಷ್ಟು ಮಾತ್ರ. ನೆಲ ಹೆಪ್ಪುಗಟ್ಟಿರುತ್ತದೆ, ಹುಳುಹುಪ್ಪಟೆ ಮಣ್ಣಿನ ಆಳಕ್ಕೆ ಇಳಿದಿರುತ್ತವೆ, ಉದುರಿದ ಬೀಜ ಹಿಮದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ಗುಬ್ಬಿಗಿಂತಲೂ ಚಿಕ್ಕದಾದ ಹಕ್ಕಿಯೊಂದು ಹಗಲಲ್ಲಿ ತಿಂದುದನ್ನು ಕೊಬ್ಬಾಗಿ ಕೂಡಿಟ್ಟು, ಆ ಕೊಬ್ಬನ್ನೇ ರಾತ್ರಿಯೆಲ್ಲ ಉರಿಸಿ ಮೈಯನ್ನು ಬೆಚ್ಚಗಿಟ್ಟುಕೊಳ್ಳಬೇಕು. ಬೆಳಗಾಗುವ ಹೊತ್ತಿಗೆ ಅದರ ತೂಕದಲ್ಲಿ ಹತ್ತನೆಯ ಒಂದು ಪಾಲಿನವರೆಗೆ ಇಳಿಯುವುದುಂಟು. ಮರುದಿನ ಅನ್ನ ಸಿಕ್ಕದಿದ್ದರೆ ಎರಡನೆಯ ರಾತ್ರಿಯನ್ನು ಅದು ಕಾಣಲಾರದು. ೧೮೯೦-೯೧ರ ಚಳಿಗಾಲ ಇಂಗ್ಲಂಡದಲ್ಲಿ ಅತಿ ಕಠಿಣವಾಗಿತ್ತು. ಹಕ್ಕಿಗಳಿಗೆ ಏನಾದರೂ ತಿನ್ನಲು ಇಡಿರೆಂದು ಅಲ್ಲಿಯ ವೃತ್ತಪತ್ರಿಕೆಗಳು ಜನರನ್ನು ಕೇಳಿಕೊಂಡವು. ಆ ವಾಡಿಕೆ ಮುಂದೆ ಮನೆಮನೆಗೂ ಹಬ್ಬಿತು.

ನಮ್ಮ ಸೀಮೆಯ ಚಳಿಗಾಲ ಇಂಥದಲ್ಲ. ಹಿರಣ್ಯಕೇಶಿಯ ದಂಡೆಯಲ್ಲಿ ಮಂಜು ಬೀಳುತ್ತದೆ. ಮುಂಜಾನೆ ಕಂಬಳಿ ಹೊದ್ದು ಹೊಡಸಲಿನ ಮುಂದೆ ಕೂಡಬೇಕಾಗುತ್ತದೆ. ಅಷ್ಟೇ ಹೊರತು ನೆಲ ಕಲ್ಲಾಗುವುದಿಲ್ಲ. ಚಳಿಗಾಲವೇ ನಮಗೆ ಸುಗ್ಗಿಯ ಬಾಗಿಲು. ಹೊಲದಲ್ಲಿ ಜೋಳವಿದೆ, ಕಡಲೆಯಿದೆ, ಗೋದಿಯಿದೆ. ಸಂಕ್ರಾಂತಿಯ ಹೊತ್ತಿಗೆ ಎಳೆಯ ತೆನೆಯನ್ನು ಸುಟ್ಟು ಸೀತನಿ ತಿನ್ನುವ ಸಂಭ್ರಮ ಮಕ್ಕಳಿಗೆ ಗೊತ್ತೇ ಇದೆ. ನಮಗೆ ಸೀತನಿಯಾದದ್ದು ಹಕ್ಕಿಗೂ ಸೀತನಿಯೇ. ನಮ್ಮಲ್ಲಿ ಹಕ್ಕಿಯ ಕಷ್ಟದ ದಿನಗಳು ಬರುವುದು ಇದರ ಬಳಿಕ. ಫಾಲ್ಗುಣದಲ್ಲಿ ಹೊಲ ಬರಿದಾಗಿ, ಹಳ್ಳ ಬತ್ತಿ, ಮೃಗಶಿರ ಮಳೆಯ ದಾರಿ ಕಾಯುವ ತನಕ. ಆದ್ದರಿಂದ ಚಳಿಗಾಲದಲ್ಲಿ ಕಾಳು ಹಾಕುವುದನ್ನು ನಾವು ಇಡೀ ಒಂದು ವ್ರತದ ಆರಂಭವೆಂದು ತಿಳಿಯಬೇಕು. ಚಳಿಯಲ್ಲಿ ಹಿಡಿದ ವ್ರತವನ್ನು ಬಿಸಿಲಲ್ಲಿ ಬಿಡಬಾರದು.

ಈ ವ್ರತ ನಮಗೆ ಹೊಸದೂ ಅಲ್ಲ, ಪರದೇಶದಿಂದ ಬಂದದ್ದೂ ಅಲ್ಲ. ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಲ್ಲಿ ಎಳ್ಳ ಅಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುವರು. ಮಹಾರಾಷ್ಟ್ರದ ಲಾತೂರ, ಧಾರಾಶಿವದ ಕಡೆಗೆ ಇದನ್ನೇ ವೇಳ ಅಮಾವಾಸ್ಯೆ ಎನ್ನುವರು. ಸಜ್ಜೆಯ ರೊಟ್ಟಿ, ಸಜ್ಜೆಯ ಕಡಬು, ಎಣ್ಣೆಗಾಯಿ, ಪುಂಡಿ ಪಲ್ಲೆ, ಶೇಂಗಾದ ಹೋಳಿಗೆ ಬುಟ್ಟಿಯಲ್ಲಿ ಇರುತ್ತವೆ. ಭೂತಾಯಿಯ ಪೂಜೆಯಾದ ಮೇಲೆ ಮನೆಯ ಯಜಮಾನನು ಮೊದಲ ತುತ್ತನ್ನು ತಾನು ಉಣ್ಣದೆ ಹೊಲದ ನಾಲ್ಕೂ ದಿಕ್ಕಿಗೆ ಚೆಲ್ಲುತ್ತಾನೆ. ಇದಕ್ಕೆ ಚರಗ ಚೆಲ್ಲುವುದು ಎಂದು ಹೆಸರು. ಶೀಗಿ ಹುಣ್ಣಿವೆಯಲ್ಲಿಯೂ ಈ ಪದ್ಧತಿಯುಂಟು. ಚೆಲ್ಲಿದ ಅನ್ನವನ್ನು ಉಣ್ಣುವವರು ಯಾರು? ಹಕ್ಕಿ, ಇರುವೆ, ಹುಳು, ಇಲಿ. ನಮ್ಮ ಹಿರಿಯರಿಗೆ ಇದು ತಿಳಿಯದೆ ಇರಲಿಲ್ಲ. ಭೂಮಿಗೆ ಕೊಟ್ಟದ್ದು ಭೂಮಿಯ ಮಕ್ಕಳಿಗೆ ಸೇರಿತೆಂದು ಅವರು ಸಂತೋಷಪಟ್ಟರು.

ಈಗ ಮೊದಲಿನ ಪ್ರಶ್ನೆಯನ್ನು ಮತ್ತೆ ಕೇಳೋಣ. ಚರಗ ಚೆಲ್ಲಿದ ರೈತನೇ ಹದಿನೈದು ದಿನಗಳಲ್ಲಿ ಅಟ್ಟಣಿಗೆ ಹತ್ತಿ ಕವಣೆ ಬೀಸುತ್ತಾನಲ್ಲ! ಅವನ ಧರ್ಮದಲ್ಲಿ ವಿರೋಧವಿಲ್ಲವೇ? ನಮ್ಮ ತಿಳಿವಳಿಕೆಯಂತೆ ವಿರೋಧವಿಲ್ಲ. ವರ್ಷದ ಅನ್ನವನ್ನು ಕಾಯುವುದು ಅವನ ಕರ್ತವ್ಯ. ಅದರಲ್ಲಿ ಒಂದು ಪಾಲನ್ನು ಬಿಡುವುದೂ ಅವನ ಕರ್ತವ್ಯ. ಕವಣೆಯ ಕಲ್ಲು ಹಕ್ಕಿಯನ್ನು ಎಬ್ಬಿಸಲು ಇರುವುದೇ ಹೊರತು ಕೊಲ್ಲಲು ಅಲ್ಲ. ಎದ್ದ ಹಕ್ಕಿಗೆ ಹೋಗಿ ಕೂಡಲು ಬದುವಿನ ಮೇಲೆ ಜಾಲಿಯಿತ್ತು, ಬೇವಿತ್ತು. ತಿನ್ನಲು ಬೇಲಿಯ ಸಾಲಿನಲ್ಲಿ ಹುಲ್ಲಿನ ಬೀಜವಿತ್ತು. ರಾಶಿಯ ದಿನಗಳಲ್ಲಿ ಕಣದ ಅಂಚಿನಲ್ಲಿ ಸಿಡಿದ ಕಾಳಿತ್ತು. ಸೆಗಣಿಯಿಂದ ಸಾರಿಸಿದ ಕಣದಲ್ಲಿ ಎತ್ತು ತುಳಿದು, ಗಾಳಿಗೆ ತೂರಿ, ರಾಶಿ ಮನೆ ಸೇರುವ ತನಕ ಹಕ್ಕಿಗೆ ಹಬ್ಬ. ಕಾಯುವುದು ಮತ್ತು ಕೊಡುವುದು, ಎರಡೂ ಕೂಡಿ ಒಂದು ಒಪ್ಪಂದವಾಗಿತ್ತು.

ಈ ಒಪ್ಪಂದ ಈಗ ಸಡಿಲವಾಗಿದೆ. ಯಾರನ್ನೂ ದೂರುವುದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಯಂತ್ರ ಬಂದು ಎಂಟು ದಿನದ ರಾಶಿ ಒಂದು ಹೊತ್ತಿನಲ್ಲಿ ಮುಗಿಯುತ್ತದೆ. ಕಾಳು ನೇರವಾಗಿ ಚೀಲಕ್ಕೆ ಬೀಳುತ್ತದೆ. ಇದರಿಂದ ರೈತನ ಬೆನ್ನು ಉಳಿದಿದೆ. ನೀರು ಬಂದ ಹೊಲಗಳಲ್ಲಿ ಜೋಳದ ಬದಲು ಕಬ್ಬು ನಿಂತಿದೆ. ಇದರಿಂದ ಮಕ್ಕಳ ಶಾಲೆಯ ಖರ್ಚು ಸಾಗಿದೆ. ಮಣ್ಣಿನ ಗೋಡೆ, ಹೆಂಚಿನ ಮಾಡು ಹೋಗಿ ಸಿಮೆಂಟಿನ ಮನೆ ಬಂದಿದೆ. ಮಳೆಗಾಲದಲ್ಲಿ ಸೋರುವುದು ನಿಂತಿದೆ. ಒಂದೊಂದೂ ಒಳ್ಳೆಯದೇ. ಆದರೆ ಕಣದ ಕಾಳು ಹೋಯಿತು, ಹೊಲದ ತೆನೆ ಹೋಯಿತು, ಜಂತೆಯ ಸಂದಿನ ಗೂಡು ಹೋಯಿತು. ಹಕ್ಕಿಯ ಪಾಲನ್ನು ನಾವು ಬೇಕೆಂದು ಕಸಿದುಕೊಳ್ಳಲಿಲ್ಲ. ಲೆಕ್ಕದಲ್ಲಿ ಬರೆಯುವುದನ್ನು ಮರೆತೆವು. ಅಂಗಳದಲ್ಲಿ ಹಾಕುವ ಹಿಡಿ ಕಾಳು ಆ ಮರೆತ ಲೆಕ್ಕವನ್ನು ನೆನಪಿಗೆ ತಂದುಕೊಳ್ಳುವ ಬಗೆ.

ಹಕ್ಕಿಯ ಪಾಲನ್ನು ಪೂರ್ತಿ ಅಳಿಸಿಹಾಕಿದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ಒಂದು ಉದಾಹರಣೆಯುಂಟು. ೧೯೫೮ರಲ್ಲಿ ಚೀನ ದೇಶದ ಸರಕಾರವು ನಾಲ್ಕು ಪೀಡೆಗಳನ್ನು ನಾಶಮಾಡಬೇಕೆಂದು ಆಂದೋಲನ ಹೂಡಿತು. ಇಲಿ, ನೊಣ, ಸೊಳ್ಳೆಗಳ ಸಾಲಿನಲ್ಲಿ ಗುಬ್ಬಿಯನ್ನೂ ಸೇರಿಸಿದರು. ಅದು ಕಾಳು ತಿನ್ನುತ್ತದೆಂಬುದೇ ಅದರ ಅಪರಾಧ. ಜನರು ಬೀದಿಗಿಳಿದು ಡೋಲು, ತಟ್ಟೆ, ಬೋಗುಣಿ ಬಡಿದು ಗುಬ್ಬಿಗಳನ್ನು ಎಲ್ಲಿಯೂ ಕೂಡಲು ಬಿಡಲಿಲ್ಲ. ಹಾರಿ ಹಾರಿ ದಣಿದು ಅವು ಆಕಾಶದಿಂದ ಉದುರಿ ಸತ್ತವು. ನಮ್ಮ ಹೊಲದಲ್ಲಿ ಬಡಿಯುವ ತಗಡಿಗೂ ಆ ಬೋಗುಣಿಗೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾವು ಹೊಲದಿಂದ ಎಬ್ಬಿಸಿದೆವು. ಅವರು ಲೋಕದಿಂದಲೇ ಎಬ್ಬಿಸಿದರು. ಗುಬ್ಬಿ ಹೋದ ಮೇಲೆ ಬೆಳೆಯ ಹುಳುಗಳು ಹೆಚ್ಚಿದವು. ೧೯೬೦ರಲ್ಲಿ ಗುಬ್ಬಿಯ ಹೆಸರನ್ನು ಪಟ್ಟಿಯಿಂದ ತೆಗೆದು ಅದರ ಸ್ಥಾನದಲ್ಲಿ ತಗಣಿಯನ್ನು ಬರೆಯಬೇಕಾಯಿತು. ಅಷ್ಟರಲ್ಲಿ ಆ ದೇಶವು ಘೋರ ಕ್ಷಾಮದಲ್ಲಿ ಬಿದ್ದಿತ್ತು. ಕ್ಷಾಮಕ್ಕೆ ಕಾರಣಗಳು ಹಲವು. ಗುಬ್ಬಿಯ ನಾಶವೂ ಅವುಗಳಲ್ಲಿ ಒಂದು. ಏಕೆಂದರೆ ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಉಣಿಸುವುದು ಹೆಚ್ಚಾಗಿ ಹುಳುವನ್ನೇ.

ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳಿಗೆ ದಂಡುಗಟ್ಟಿ ಬರುವ ಗುಲಾಬಿ ಮೈನಾ ಹಕ್ಕಿಯ ಮಾತೂ ಹೀಗೆಯೇ. ತಲೆ, ರೆಕ್ಕೆ ಕಪ್ಪು, ಮೈ ನಸುಗೆಂಪು. ರೈತನ ಕಣ್ಣಿಗೆ ಅದು ಕಳ್ಳ ಹಕ್ಕಿ. ಆದರೆ ಅದು ಮೊಟ್ಟೆಯಿಡುವುದು ಮಧ್ಯ ಏಶಿಯದ ಬಯಲುಗಳಲ್ಲಿ. ಅಲ್ಲಿ ಅದರ ಮುಖ್ಯ ಆಹಾರ ಮಿಡತೆ. ಗುಬ್ಬಿಯನ್ನು ಕೊಂದ ಚೀನ ದೇಶದ ವಾಯವ್ಯ ಭಾಗದಲ್ಲಿಯೇ, ಮುಂದಿನ ದಿನಗಳಲ್ಲಿ, ಮಿಡತೆಯ ಹಾವಳಿಯನ್ನು ತಡೆಯಲು ಈ ಹಕ್ಕಿ ಬಂದು ನೆಲಸಲೆಂದು ಗೂಡುಗಳನ್ನು ಕಟ್ಟಿಕೊಟ್ಟರು. ಒಂದು ಊರಿನ ಕಳ್ಳ ಇನ್ನೊಂದು ಊರಿನ ಕಾವಲುಗಾರ. ಇಡೀ ಲೆಕ್ಕವನ್ನು ನೋಡದೆ ಹಕ್ಕಿಗೆ ತೀರ್ಪು ಹೇಳಬಾರದು.

ಇನ್ನು ಕೊಡುವುದರಲ್ಲಿ ಹೆಸರಾದ ಒಂದು ಊರನ್ನು ನೆನೆಯೋಣ. ರಾಜಸ್ಥಾನದಲ್ಲಿ ಫಲೋದಿಯ ಸಮೀಪ ಖೀಚನ್ ಎಂಬ ಹಳ್ಳಿಯಿದೆ. ಮರುಭೂಮಿಯ ಊರು; ನಮ್ಮಷ್ಟು ನೀರಿಲ್ಲ, ನಮ್ಮಂಥ ಎರೆಮಣ್ಣಿಲ್ಲ. ಕ್ರೌಂಚ ಜಾತಿಯ, ಅಲ್ಲಿಯವರು ಕುರ್ಜಾ ಎಂದು ಕರೆಯುವ ಹಕ್ಕಿಗಳು ಮಂಗೋಲಿಯದ ಕಡೆಯಿಂದ ಹಿಮಾಲಯವನ್ನು ದಾಟಿ ಚಳಿಗಾಲಕ್ಕೆ ಅಲ್ಲಿಗೆ ಸಾವಿರಗಟ್ಟಲೆ ಬರುತ್ತವೆ. ಊರ ಜನರು ಬೇಲಿ ಹಾಕಿದ ಒಂದು ಬಯಲನ್ನು ಅವಕ್ಕಾಗಿಯೇ ಬಿಟ್ಟು, ಚಳಿಗಾಲ ಮುಗಿಯುವ ತನಕ ನಿತ್ಯವೂ ಜೋಳ ಹಾಕುತ್ತಾರೆ. ಆ ಊರಿನ ಜೌಗು ನೆಲವನ್ನು ೨೦೨೫ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯೂ ೨೦೨೪ರಲ್ಲಿ ಅದೇ ಪಟ್ಟಿಗೆ ಸೇರಿದೆ. ಅಲ್ಲಿಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಹಿಮಾಲಯವನ್ನು ದಾಟಿ ಬಂದವು. ಅವಕ್ಕೆ ಯಾರೂ ಕರೆದು ಕಾಳು ಹಾಕುವುದಿಲ್ಲ. ಹಗಲು ಕೆರೆಯಲ್ಲಿ ತೇಲಿ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಖೀಚನ್ನಿನಲ್ಲಿ ಹಕ್ಕಿಯ ಪಾಲು ಅಂಗಳದಲ್ಲಿದೆ, ಮಾಗಡಿಯಲ್ಲಿ ಹೊಲದಲ್ಲಿದೆ. ಎರಡೂ ಕಡೆ ಊರವರು ಸಹಿಸಿಕೊಂಡಿದ್ದಾರೆಂಬುದೇ ದೊಡ್ಡ ಮಾತು.

ಈಗ ಕಾಳು ಹಾಕುವ ಕ್ರಮವನ್ನು ಕುರಿತು ಕೆಲವು ಮಾತು. ತಿಳಿಯದೆ ಮಾಡಿದ ದಾನ ವಿಷವಾಗುವುದುಂಟು. ಜೋಳದ ನುಚ್ಚು, ಸಜ್ಜೆ, ನವಣೆ, ಅಕ್ಕಿಯ ನುಚ್ಚು ಒಳ್ಳೆಯವು. ಉಪ್ಪು ಖಾರ ಹಾಕಿದ ಚುರಮುರಿ, ಚಿವಡಾ, ಹಳಸಿದ ಅನ್ನ ಬೇಡ. ಉಪ್ಪನ್ನು ಸಣ್ಣ ಹಕ್ಕಿಯ ದೇಹ ತಾಳದು. ಬಿತ್ತಿ ಉಳಿದ ಬಣ್ಣದ ಬೀಜವನ್ನಂತೂ ಎಂದಿಗೂ ಚೆಲ್ಲಬಾರದು. ಅದಕ್ಕೆ ಔಷಧ ಸವರಿರುತ್ತದೆ, ಅದು ಹಕ್ಕಿಗೆ ಮೃತ್ಯು. ನಮ್ಮದು ಶೇಂಗಾದ ಸೀಮೆ; ಆದುದರಿಂದ ಇನ್ನೊಂದು ಎಚ್ಚರಿಕೆ. ೧೯೬೦ರಲ್ಲಿ ಇಂಗ್ಲಂಡದಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಶೋಧಿಸಿದಾಗ ಅವುಗಳಿಗೆ ತಿನ್ನಿಸಿದ ಶೇಂಗಾ ಹಿಂಡಿಗೆ ಬೂಷ್ಟು ಹಿಡಿದಿತ್ತೆಂದು ಕಂಡುಬಂತು. ಅಫ್ಲಟಾಕ್ಸಿನ್ ಎಂಬ ವಿಷವು ಲೋಕಕ್ಕೆ ಗೊತ್ತಾದದ್ದು ಹೀಗೆ. ಬೂಷ್ಟು ಹಿಡಿದ ಶೇಂಗಾ ಮನುಷ್ಯನಿಗೂ ಬೇಡ, ದನಕ್ಕೂ ಬೇಡ, ಹಕ್ಕಿಗೂ ಬೇಡ.

ಸ್ವಚ್ಛತೆಯೂ ಅಷ್ಟೇ ಮುಖ್ಯ. ಇಂಗ್ಲಂಡದಲ್ಲಿ ೨೦೦೫ರ ಬಳಿಕ ಗ್ರೀನ್‌ಫಿಂಚ್ ಎಂಬ ಹಕ್ಕಿಗಳಲ್ಲಿ ಗಂಟಲ ರೋಗವೊಂದು ಹರಡಿ ಅವುಗಳ ಸಂಖ್ಯೆ ಬಹಳವಾಗಿ ಕುಗ್ಗಿತು. ಹಕ್ಕಿಗಳು ಗುಂಪುಗೂಡಿ ತಿನ್ನುವ ತಟ್ಟೆಗಳೇ ರೋಗ ಹರಡುವ ಸ್ಥಾನಗಳಾದವು. ಕರುಣೆಯಿಂದ ಇಟ್ಟ ತಟ್ಟೆ ಸಾವಿನ ತಟ್ಟೆಯಾಯಿತು. ನಮ್ಮ ಮುಂಬಯಿಯಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಬೂತರಖಾನೆಗಳನ್ನು ಮುಚ್ಚಬೇಕೋ ಬೇಡವೋ ಎಂದು ೨೦೨೫ರಲ್ಲಿ ನಡೆದ ದೊಡ್ಡ ವಾದ ಪಾಲಕರಿಗೆ ನೆನಪಿರಬಹುದು. ರಾಶಿ ರಾಶಿ ಕಾಳು, ರಾಶಿ ರಾಶಿ ಹಕ್ಕಿ, ಅವುಗಳ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ರೋಗ. ಇದು ದಾನದ ಮಿತಿ ತಪ್ಪಿದುದರ ಫಲ. ಆದ್ದರಿಂದ ಒಂದು ಹಿಡಿ ಸಾಕು. ಒಂದು ಹೊತ್ತಿನಲ್ಲಿ ತಿಂದು ಮುಗಿಯುವಷ್ಟೇ ಇರಲಿ. ಉಳಿದದ್ದನ್ನು ಸಂಜೆ ಗುಡಿಸಿ ತೆಗೆಯಿರಿ. ನೀರಿನ ಬಟ್ಟಲು ಅಗಲವಾಗಿರಲಿ, ಆಳ ಬೇಡ. ದಿನಾಲು ತೊಳೆದು ಹೊಸ ನೀರು ಹಾಕಿರಿ. ಬೆಕ್ಕು ಅಡಗಿ ಕೂಡುವ ಪೊದೆಯ ಮಗ್ಗುಲಲ್ಲಿ ಇಡಬೇಡಿರಿ.

ಇಷ್ಟು ಮಾಡಿದರೆ ನಮ್ಮ ಕರ್ತವ್ಯ ತೀರಿತೇ? ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ. ನಾವಿರುವುದು ಮಹಾರಾಷ್ಟ್ರದಲ್ಲಿ, ಆಡುವುದು ಕನ್ನಡವನ್ನು. ಈ ಎರಡು ರಾಜ್ಯಗಳ ಪಕ್ಷಿಗಳು ಯಾವುವು? ಮಹಾರಾಷ್ಟ್ರದ್ದು ಹರಿಯಾಲ, ಎಂದರೆ ಹಳದಿ ಕಾಲಿನ ಹಸಿರು ಪಾರಿವಾಳ. ಕರ್ನಾಟಕದ್ದು ನೀಲಕಂಠ, ವಿಜಯದಶಮಿಯ ದಿನ ಕಂಡರೆ ಶುಭವೆಂದು ನಮ್ಮವರು ನಂಬಿದ ಹಕ್ಕಿ. ಇವೆರಡರಲ್ಲಿ ಯಾವುದು ನಿಮ್ಮ ಅಂಗಳದ ನುಚ್ಚನ್ನು ತಿನ್ನಲು ಬರುವುದು? ಎರಡೂ ಬಾರವು! ಹರಿಯಾಲಕ್ಕೆ ಬೇಕಾದುದು ಆಲ, ಅರಳಿ, ಅತ್ತಿ, ಬಸರಿಗಳ ಹಣ್ಣು. ನೀಲಕಂಠಕ್ಕೆ ಬೇಕಾದುದು ಹೊಲದ ಮಿಡತೆ, ಜೀರುಂಡೆ. ತಂತಿಯ ಮೇಲೆ ಸುಮ್ಮನೆ ಕೂತಂತೆ ತೋರುವ ಆ ಹಕ್ಕಿ ನಿಮ್ಮ ಹೊಲದ ಕೀಟಗಳನ್ನು ಎಣಿಸುತ್ತಿರುತ್ತದೆ.

ಇದು ಬರಿಯ ಒಗಟಲ್ಲ. ಭಾರತದ ಹಕ್ಕಿಗಳ ಸ್ಥಿತಿಯನ್ನು ಕುರಿತು ೨೦೨೦ರಲ್ಲಿ ಪ್ರಕಟವಾದ ವರದಿಯು ಗುಬ್ಬಿಯ ಸಂಖ್ಯೆ ದೊಡ್ಡ ಪಟ್ಟಣಗಳಲ್ಲಿ ಕುಗ್ಗಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆಯೆಂದು ಹೇಳಿತು. ಇದು ಸಂತೋಷದ ಸುದ್ದಿ. ಆದರೆ ೨೦೨೩ರ ವರದಿಯು ನೀಲಕಂಠದ ಸಂಖ್ಯೆ ಕುಸಿಯುತ್ತಿದೆಯೆಂದು ಎಚ್ಚರಿಸಿತು. ನಾವು ಯಾವ ಹಕ್ಕಿಗಾಗಿ ಮರುಗುತ್ತೇವೆಯೋ ಅದಕ್ಕಿಂತ, ನಾವು ನೆನೆಯದ ಹಕ್ಕಿಯ ಗತಿ ಕಠಿಣವಾಗಿದೆ. ನೀಲಕಂಠಕ್ಕೆ ಬಟ್ಟಲಿನಲ್ಲಿ ಹುಳು ಇಡಲು ಬರುವುದಿಲ್ಲ. ಅದಕ್ಕೆ ನಾವು ಕೊಡಬಹುದಾದ ಪಾಲೆಂದರೆ ಅಗತ್ಯಕ್ಕಿಂತ ಹೆಚ್ಚು ವಿಷ ಸಿಂಪಡಿಸದ ಹೊಲ, ಪೊಟರೆಯುಳ್ಳ ಒಂದು ಹಳೆಯ ಮರ. ಬೂರುಗ, ಮುತ್ತುಗ, ಹಾಲವಾಣಗಳು ಚಳಿಗಾಲದ ಕೊನೆಯಲ್ಲಿ ಎಲೆಯುದುರಿಸಿ ಹೂ ಬಿಟ್ಟಾಗ ಗೊರವಂಕ, ಪಿಕಳಾರ, ಕಾಜಾಣ, ಸೂರಕ್ಕಿಗಳೆಲ್ಲ ಅಲ್ಲಿ ನೆರೆಯುವುದನ್ನು ನೋಡಿರಿ. ಒಂದು ಬೂರುಗದ ಮರವು ನೂರು ಅಂಗಳಗಳ ಅನ್ನಛತ್ರ. ಚರಗವನ್ನು ನಮ್ಮ ಹಿರಿಯರು ಅಂಗಳದಲ್ಲಿ ಚೆಲ್ಲದೆ ಹೊಲದಲ್ಲಿ ಚೆಲ್ಲಿದುದರ ಅರ್ಥವನ್ನು ನಾವು ಹೀಗೆ ತಿಳಿಯುತ್ತೇವೆ: ಹಕ್ಕಿಯ ಪಾಲು ಇರುವುದು ಹಿಡಿಯಲ್ಲಲ್ಲ, ನೆಲದಲ್ಲಿ. ಹೊಲಕ್ಕೆ ಕಡಬಿನ ಚರಗ ಚೆಲ್ಲಿ ಮರುವಾರ ಅದೇ ಹೊಲಕ್ಕೆ ಬೇಡದ ವಿಷ ಚೆಲ್ಲಿದರೆ ಭೂತಾಯಿ ಯಾವುದನ್ನು ಲೆಕ್ಕಕ್ಕೆ ಹಿಡಿದಾಳು?

ಹಾಗಾದರೆ ಹಿಡಿ ಕಾಳು ವ್ಯರ್ಥವೇ? ಖಂಡಿತವಾಗಿಯೂ ಅಲ್ಲ. ಅದರ ದೊಡ್ಡ ಫಲ ಹಾಕಿದವನಿಗೇ ಸಿಕ್ಕುತ್ತದೆ. ಮುಂಬಯಿಯಲ್ಲಿ ೧೮೯೬ರಲ್ಲಿ ಹುಟ್ಟಿದ ಹುಡುಗನೊಬ್ಬನು ಸುಮಾರು ಹತ್ತನೆಯ ವಯಸ್ಸಿನಲ್ಲಿ ಆಟದ ಬಂದೂಕಿನಿಂದ ಗುಬ್ಬಿ ಹೊಡೆದನು. ಬಿದ್ದ ಗುಬ್ಬಿಯ ಕೊರಳಲ್ಲಿ ಹಳದಿಯ ಮಚ್ಚೆಯಿತ್ತು. ಇದು ಯಾವ ಗುಬ್ಬಿ ಎಂಬ ಕುತೂಹಲದಿಂದ ಅವನು ಅದನ್ನು ಹಿಡಿದುಕೊಂಡು ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೆ ಹೋದನು. ಅಲ್ಲಿಯ ಕಾರ್ಯದರ್ಶಿ ಮಿಲಾರ್ಡರು ಹುಡುಗನನ್ನು ಗದರಿಸದೆ ಪೆಟ್ಟಿಗೆಗಳನ್ನು ತೆರೆದು ನೂರಾರು ಬಗೆಯ ಹಕ್ಕಿಗಳನ್ನು ತೋರಿಸಿದರು. ಆ ಹುಡುಗನೇ ಮುಂದೆ ಭಾರತದ ಹಕ್ಕಿಗಳನ್ನು ಲೋಕಕ್ಕೆ ಪರಿಚಯಿಸಿದ ಡಾ. ಸಲೀಂ ಅಲಿ. ೧೯೪೧ರಲ್ಲಿ ಪ್ರಕಟವಾದ ಅವರ ಪುಸ್ತಕವನ್ನು ಹಿಡಿದು ಎಷ್ಟೋ ಜನ ಹಕ್ಕಿ ನೋಡಲು ಕಲಿತರು. ಗುಬ್ಬಿಯನ್ನು ಹೊಡೆದದ್ದರಿಂದ ಅವರು ದೊಡ್ಡವರಾಗಲಿಲ್ಲ. ಹತ್ತಿರದಿಂದ ನೋಡಿದ್ದರಿಂದ ದೊಡ್ಡವರಾದರು. ನಿಮಗೆ ಹೊಡೆಯಬೇಕಾಗಿಯೇ ಇಲ್ಲ. ಹಿಡಿ ನುಚ್ಚು ಹಾಕಿ ಸುಮ್ಮನೆ ಕೂತರೆ ಹಕ್ಕಿ ತಾನಾಗಿ ಹತ್ತಿರ ಬರುತ್ತದೆ. ಹತ್ತಿರದಿಂದ ನೋಡಿದ ಹಕ್ಕಿಗೆ ಯಾವ ಮಗುವೂ ರಬ್ಬರಿನ ಕವಣೆಯಿಂದ ಗುರಿಯಿಡಲಾರದು. ಆ ಮಗು ದೊಡ್ಡದಾಗಿ ಹೊಲ ಮಾಡಿದಾಗ ಬದುವಿನ ಮರವನ್ನು ಕಡಿಯುವ ಮೊದಲು ಒಮ್ಮೆಯಾದರೂ ಮೇಲೆ ನೋಡೀತು.

ಆದುದರಿಂದ ವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಎಳ್ಳ ಅಮಾವಾಸ್ಯೆಯಿಂದ ಮೊದಲ ಮಳೆಯ ತನಕ ದಿನಕ್ಕೆ ಒಂದು ಹಿಡಿ ಕಾಳು, ಒಂದು ಬಟ್ಟಲು ನೀರು ನಿಮ್ಮ ಪಾಲಿನ ಕೆಲಸವಾಗಿರಲಿ. ಬಂದ ಹಕ್ಕಿಯ ಹೆಸರನ್ನೂ ತಿಂಗಳನ್ನೂ ವಹಿಯಲ್ಲಿ ಬರೆಯಿರಿ. ಹೆಸರು ತಿಳಿಯದಿದ್ದರೆ ಅಜ್ಜಿಯನ್ನು ಕೇಳಿರಿ. ಪಾಲಕರಲ್ಲಿ ನಮ್ಮ ಕೋರಿಕೆ: ಹೊಸ ಮನೆ ಕಟ್ಟಿಸುವಾಗ ಮಾಡಿನ ಕೆಳಗೆ ಗುಬ್ಬಿಯ ಗೂಡಿಗೆಂದು ಒಂದು ಗೇಣು ಸ್ಥಳ ಬಿಡಿರಿ, ಹೊಲವನ್ನು ಧಾರಾಳವಾಗಿ ಕಾಯಿರಿ, ಕೊಲ್ಲದೆ ಕಾಯಿರಿ, ಬದುವಿನ ಮೇಲೆ ಒಂದು ಮರವನ್ನು ಹಕ್ಕಿಯ ಹೆಸರಿಗೆ ಬರೆದಿಡಿರಿ. ಇದಕ್ಕೆ ಕಾಗದ ಬೇಡ, ಕಚೇರಿ ಬೇಡ. ಮನೆಯ ಯಜಮಾನನ ಒಂದು ಮಾತು ಸಾಕು.